ಕೊಡಗಿನ ಮಳೆಗಾಲಕ್ಕೆಂದು ಎರಡನೇ ಹಳೇ ಗಾಡಿ ಇಟ್ಟುಕೊಳ್ಳಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲಕ್ಕೆಂದೇ ಕಡಿಮೆ ಬೆಲೆಯ ಇನ್ನೊಂದು ಗಾಡಿ ಇಟ್ಟುಕೊಳ್ಳುವುದು ಸರಿಯೇ?

ಮನೆಯಂಗಳದಿಂದ ಡಾಂಬರು ರಸ್ತೆಯವರೆಗೆ ನಿಮ್ಮ ದಾರಿ ಹೇಗಿದೆ ಎಂಬುದನ್ನು ಮೊದಲು ನೋಡಿ. ಕೊಡಗಿನಲ್ಲಿ ಗಾಡಿಯನ್ನು ಸೋಲಿಸುವುದು ಹೆದ್ದಾರಿಯಲ್ಲ, ಗೇಟಿನಿಂದ ಒಳಗಿನ ಮುನ್ನೂರು ಮೀಟರ್ ಜೇಡಿಮಣ್ಣಿನ ಏರು. ಆ ಏರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಈಗಿನ ಕಾರು ಹತ್ತುವುದಿಲ್ಲ, ಅಥವಾ ಹತ್ತಿದರೂ ಅಡಿಭಾಗ ಕಲ್ಲಿಗೆ ಹೊಡೆಯುತ್ತದೆ ಎಂದಾದರೆ ಎರಡನೇ ಗಾಡಿಗೆ ಅರ್ಥವಿದೆ. ತೋಟಕ್ಕೆ ಗೊಬ್ಬರ, ಡೀಸೆಲ್, ಕೆಲಸದವರು ಎಲ್ಲರೂ ಅದರಲ್ಲೇ ಹೋಗುತ್ತಾರೆ ಎಂದಾದರೆ ಇನ್ನೂ ಹೆಚ್ಚು ಅರ್ಥವಿದೆ.

ಮನೆ ಬಾಗಿಲಿಗೇ ಡಾಂಬರು ಇದ್ದು, ಓಡಾಟ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು ಪೇಟೆಗಷ್ಟೇ ಆದರೆ ಎರಡನೇ ಗಾಡಿ ಬೇಡ. ಅದಕ್ಕೆ ಹಾಕುವ ದುಡ್ಡಿನ ಕಾಲು ಭಾಗವನ್ನು ಇರುವ ಕಾರಿನ ಟೈರು, ಬ್ರೇಕು, ವೈಪರ್‌ಗೆ ಹಾಕಿದರೆ ಸಾಕು. ಹಳೇ ಗಾಡಿಯ ಬ್ರೇಕು ಹೊಸ ಕಾರಿನಷ್ಟು ಚೆನ್ನಾಗಿರುವುದಿಲ್ಲ. ಬ್ರೇಕು ಒತ್ತಿದಾಗ ಚಕ್ರ ಸಿಕ್ಕಿ ಜಾರದಂತೆ ತಡೆಯುವ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಒಳ್ಳೆಯ ಕಾರನ್ನು ಕೆಸರಿನಿಂದ ಉಳಿಸಲು ಮನೆಯವರನ್ನು ಕೆಟ್ಟ ಬ್ರೇಕಿನ ಗಾಡಿಯಲ್ಲಿ ಸಂಪಾಜೆ ಘಾಟಿ ಇಳಿಸುವುದು ತಪ್ಪು ಲೆಕ್ಕ.

ಊರು ಯಾವುದು ಎಂಬುದರಿಂದ ವ್ಯತ್ಯಾಸ ಆಗುತ್ತದೆಯೇ?

ಬಹಳ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತ ಎಷ್ಟೋ ಹೆಚ್ಚು. ಕುಶಾಲನಗರದ ಕಡೆ ಮಡಿಕೇರಿಯ ಅರ್ಧವೂ ಇಲ್ಲ. ಕುಶಾಲನಗರ, ಶನಿವಾರಸಂತೆ ಕಡೆಯ ಬಯಲಿನ ಮನೆಗೆ ಬೇಕಾದ ಗಾಡಿಯೇ ಬೇರೆ, ಗಾಳಿಬೀಡು, ಕರಿಕೆ, ಬಿರುನಾಣಿ ಕಡೆಯ ಒಂಟಿಮನೆಗೆ ಬೇಕಾದದ್ದೇ ಬೇರೆ.

ಗಾಡಿ ಕೊಳ್ಳುವ ಬದಲು ದಾರಿಯನ್ನೇ ಸರಿಮಾಡಿದರೆ?

ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಹೂತುಹೋಗುವ ಜಾಗ ಸಾಮಾನ್ಯವಾಗಿ ಇಡೀ ದಾರಿಯಲ್ಲ, ಒಂದು ತಿರುವು ಅಥವಾ ಒಂದು ಏರು, ಇಪ್ಪತ್ತು ಮೂವತ್ತು ಮೀಟರ್. ಅಲ್ಲಿಗೆ ಮಾತ್ರ ಚಕ್ರದ ಜಾಡಿಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿದರೆ ಆಲ್ಟೊ ಕೂಡ ಹತ್ತುತ್ತದೆ.

ಲೆಕ್ಕ ಹೀಗೆ: ಒಂದೊಂದು ಪಟ್ಟಿ 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪ. ಹತ್ತು ಮೀಟರ್ ಉದ್ದಕ್ಕೆ ಎರಡೂ ಪಟ್ಟಿ ಸೇರಿ 1.2 ಘನ ಮೀಟರ್. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣದಲ್ಲಿ ಇದಕ್ಕೆ ಸುಮಾರು 10 ಚೀಲ ಸಿಮೆಂಟ್ ಬೇಕು. ಕಾಫಿ ತುಂಬಿದ ಟ್ರ್ಯಾಕ್ಟರ್ ಅಥವಾ ಲಾರಿಯೂ ಅದೇ ದಾರಿಯಲ್ಲಿ ಬರುವುದಾದರೆ ದಪ್ಪ 15 ಸೆಂ.ಮೀ. ಇರಲಿ, ಆಗ 15 ಚೀಲದ ಹತ್ತಿರ ಹೋಗುತ್ತದೆ. ಅಡಿಗೆ ದಪ್ಪ ಕಲ್ಲು ಹಾಸಿ ಚೆನ್ನಾಗಿ ದಮ್ಮಸ್ಸು ಮಾಡದಿದ್ದರೆ ಎರಡನೇ ಮಳೆಗಾಲಕ್ಕೆ ಪಟ್ಟಿ ಬಿರುಕು ಬಿಟ್ಟು ತುಂಡಾಗುತ್ತದೆ. ಮೇಲ್ಮೈಯನ್ನು ನುಣುಪು ಮಾಡಬೇಡಿ. ಹಸಿಯಿರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಡ್ಡ ಗೀರು ಎಳೆಯಿರಿ, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಪಾಚಿ ಹಿಡಿದು ಕೆಸರಿಗಿಂತ ಹೆಚ್ಚು ಜಾರುತ್ತದೆ. ಪಟ್ಟಿಯ ಮೇಲ್ತುದಿಯಲ್ಲಿ ನೀರು ಬದಿಗೆ ತಿರುಗುವಂತೆ ಅಡ್ಡ ಚರಂಡಿ ಕಡಿಯಲೇಬೇಕು. ಮೇಲಿನಿಂದ ಹರಿದ ನೀರು ಪಟ್ಟಿಯ ಅಡಿ ಮಣ್ಣು ಕೊರೆದರೆ ಹಾಕಿದ ಸಿಮೆಂಟೆಲ್ಲ ಹೋಯಿತು.

ಈ ಕೆಲಸ ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ, ಬೇಸಿಗೆಯಲ್ಲಿ. ಕನಿಷ್ಠ ಒಂದು ವಾರ ನೀರು ಹಾಕಿ ಒದ್ದೆ ಇಡಿ, ಅದಾದ ಮೇಲೂ ಭಾರದ ಗಾಡಿಯನ್ನು ಇನ್ನೆರಡು ವಾರ ತಡೆಯಿರಿ.

ಕೊಳ್ಳುವುದೇ ಆದರೆ ಯಾವ ಗಾಡಿ?

ದಾರಿ ಜಲ್ಲಿ ಹಾಕಿದ್ದು, ಸಣ್ಣ ಏರು, ಒಬ್ಬಿಬ್ಬರ ಓಡಾಟ ಎಂದಾದರೆ ಮಾರುತಿ 800 ಅಥವಾ ಹಳೆಯ ಆಲ್ಟೊ ಸಾಕು. ಹಗುರ, ಹೂತರೆ ನಾಲ್ಕು ಜನ ತಳ್ಳಿ ದಾಟಿಸಬಹುದು, ಬಿಡಿಭಾಗ ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಆದರೆ ನೆಲದಿಂದ ಅಡಿಭಾಗದ ಎತ್ತರ ಸುಮಾರು 16 ಸೆಂ.ಮೀ. ಅಷ್ಟೇ. ಟ್ರ್ಯಾಕ್ಟರ್ ಓಡಿ ನಡುವೆ ದಿಬ್ಬ ಎದ್ದ ದಾರಿಯಲ್ಲಿ ಎಂಜಿನ್ ಆಯಿಲ್ ಸಂಪ್ ಕಲ್ಲಿಗೆ ತಾಗುತ್ತದೆ. ಅಡಿಗೆ ಕಬ್ಬಿಣದ ಗಾರ್ಡ್ ಹಾಕಿಸದೆ ತೋಟದೊಳಗೆ ಇಳಿಸಬೇಡಿ. 800ರ ತಯಾರಿಕೆ 2014ರ ಜನವರಿಗೆ ನಿಂತಿದೆ. ಈಗ ಸಿಗುವ ಹೆಚ್ಚಿನವು 15 ವರ್ಷ ದಾಟಿದವು, ಆರ್‌ಸಿ ನವೀಕರಣ ಆಗಿದೆಯೇ ಎಂದು ಮೊದಲೇ ನೋಡಬೇಕು.

ಓಮ್ನಿಯಲ್ಲಿ ಸಾಮಾನು ಚೆನ್ನಾಗಿ ಹಿಡಿಯುತ್ತದೆ. ಓಡುವುದು, ಅಂದರೆ ಎಂಜಿನ್ ತಿರುಗಿಸುವುದು, ಹಿಂದಿನ ಚಕ್ರ, ಖಾಲಿ ಇದ್ದರೆ ಹಿಂಭಾಗ ಹಗುರಾಗಿ ಕೆಸರಿನಲ್ಲಿ ಸುತ್ತುತ್ತದೆ. ಹಿಂದಿನ ಆಕ್ಸಲ್ ಮೇಲೆ 100 ಕೆ.ಜಿ.ಯಷ್ಟು ಮರಳಿನ ಚೀಲ ಇಟ್ಟು, ಜರುಗದಂತೆ ಕಟ್ಟಿದರೆ ಹಿಡಿತ ಬರುತ್ತದೆ. ಎರಡು ಚಕ್ರ ಓಡುವ ಬೊಲೆರೊಗೂ ಇದೇ ಮಾತು.

ಕಡಿದಾದ ಏರು, ಆಳದ ಕೆಸರು, ದಿನಾ ಓಡಾಟ ಇದ್ದರೆ ನಾಲ್ಕೂ ಚಕ್ರ ಓಡುವ ಫೋರ್ ವೀಲ್ ಜೀಪೇ ಆಗಬೇಕು. ಮಾರುತಿಯ ಜಿಪ್ಸಿ ಸುಮಾರು ಒಂದು ಟನ್ ತೂಗುವ ಪೆಟ್ರೋಲ್ ಗಾಡಿ, ಅಡಿಭಾಗ 21 ಸೆಂ.ಮೀ. ಎತ್ತರದಲ್ಲಿದೆ. ಕೆಸರಿನಲ್ಲಿ ಅದರ ಹಗುರತನವೇ ಅದರ ಬಲ. ಮಹೀಂದ್ರಾದ ಎಂಎಂ 540, ಹಳೆಯ ಥಾರ್‌ಗಳು ಭಾರ, ಆದರೆ ಡೀಸೆಲ್ ಎಂಜಿನ್ ನಿಧಾನವಾಗಿ ಎಳೆಯುತ್ತದೆ, ಟ್ರೈಲರ್ ಕಟ್ಟುವವರಿಗೆ ಅದೇ ಒಳ್ಳೆಯದು. ಹೊಸದಾಗಿ ಜೀಪು ಹುಡುಕುವವರಿಗೆ ನಮ್ಮ ಸಲಹೆ: ನಿಮ್ಮ ಊರಿನ ಮೆಕ್ಯಾನಿಕ್ ಯಾವ ಗಾಡಿಯ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಬಲ್ಲರೋ ಅದನ್ನೇ ಕೊಳ್ಳಿ. ಜುಲೈ ತಿಂಗಳಲ್ಲಿ ಕೆಟ್ಟ ಗಾಡಿಯನ್ನು ಮೈಸೂರಿಗೆ ಎಳೆಸಿದರೆ ಕಡಿಮೆ ಬೆಲೆಗೆ ಕೊಂಡದ್ದು ಅಲ್ಲಿಗೇ ಮುಗಿಯಿತು.

ಫೋರ್ ವೀಲ್ ಇಲ್ಲದಿದ್ದರೆ ಆಗುವುದೇ ಇಲ್ಲವೇ?

ಬಹಳ ಮನೆಗಳಿಗೆ ಆಗುತ್ತದೆ. ಟೈರಿನ ಗೀರು ಆಳವಿದ್ದರೆ, ಅಡಿಭಾಗ ಎತ್ತರವಿದ್ದರೆ ಅರ್ಧ ಕೆಲಸ ಮುಗಿದಂತೆ. ಮುಂದಿನ ಚಕ್ರ ಓಡುವ ಕಾರು ಒದ್ದೆ ಏರಿನಲ್ಲಿ ಸುತ್ತುವುದಕ್ಕೆ ಕಾರಣ, ಏರಿನಲ್ಲಿ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರಾಗುವುದು. ಅದೇ ಏರನ್ನು ರಿವರ್ಸ್‌ನಲ್ಲಿ ಹತ್ತಿಸಿದರೆ ಓಡುವ ಚಕ್ರದ ಮೇಲೆ ಭಾರ ಬೀಳುತ್ತದೆ, ಎಷ್ಟೋ ಸಲ ಹತ್ತುತ್ತದೆ. ದಾರಿ ನೇರ ಇರಬೇಕು, ಹಿಂದೆ ನಿಂತು ದಾರಿ ತೋರಿಸುವವರು ಗಾಡಿಯ ಜಾಡಿನಿಂದ ಬದಿಗೆ ನಿಲ್ಲಬೇಕು.

ಫೋರ್ ವೀಲ್ ಇದ್ದವರು ನೆನಪಿಡಬೇಕಾದದ್ದು: ಹಳೆಯ ಜೀಪುಗಳಲ್ಲಿ ಅದನ್ನು ಒಣ ಡಾಂಬರಿನ ಮೇಲೆ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಸಾಗುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಒತ್ತಡವೆಲ್ಲ ಗೇರುಗಳ ಮೇಲೆ ಬಿದ್ದು ಲಿವರ್ ಸಿಕ್ಕಿಕೊಳ್ಳುತ್ತದೆ, ಕೊನೆಗೆ ಹಲ್ಲು ಮುರಿಯುತ್ತದೆ. ಕಡಿದಾದ ಕೆಸರಿನ ಇಳಿಜಾರಿಗೆ ಲೋ ಫೋರ್ (ನಾಲ್ಕೂ ಚಕ್ರವನ್ನು ನಿಧಾನ ವೇಗದಲ್ಲಿ ಓಡಿಸುವ ಲಿವರ್ ಸ್ಥಾನ), ಮೊದಲ ಗೇರು, ಕಾಲು ಬ್ರೇಕಿನಿಂದ ದೂರ. ಬ್ರೇಕು ಒತ್ತಿದರೆ ಚಕ್ರ ನಿಂತು ಗಾಡಿ ಹಾಗೇ ಜಾರುತ್ತದೆ.

ಹಳೇ ಗಾಡಿ ನೋಡಲು ಹೋದಾಗ ಏನೇನು ನೋಡಬೇಕು?

ತುಕ್ಕು. ಎಂಜಿನ್ ಸದ್ದಿಗಿಂತ ಮೊದಲು ತುಕ್ಕು. ಎಂಜಿನ್ ಕೆಲಸಕ್ಕೆ ಒಂದು ಲೆಕ್ಕವಿದೆ, ತುಕ್ಕು ಹಿಡಿದ ಬಾಡಿಯ ಟಿಂಕರಿಂಗ್‌ಗೆ ಕೊನೆಯಿಲ್ಲ. ಕೊಡಗಿನ ಗಾಡಿಗೆ ತುಕ್ಕು ಹಿಡಿಯುವುದು ಎರಡು ಕಾರಣಕ್ಕೆ. ನಾಲ್ಕು ತಿಂಗಳು ಒಣಗದ ಕೆಸರು ಒಂದು. ಎರಡನೆಯದನ್ನು ಹೊರಗಿನವರು ಊಹಿಸುವುದಿಲ್ಲ: ಹಿಂದೆ ಸಾಗಿಸಿದ ಗೊಬ್ಬರ ಮತ್ತು ಮೈಲುತುತ್ತ. ಪೊಟ್ಯಾಷ್ ಗೊಬ್ಬರ ಕ್ಲೋರೈಡ್ ಇರುವ ಉಪ್ಪು, ಸೋರಿದ ಪುಡಿ ತೇವ ಹೀರಿ ತಗಡನ್ನು ತಿನ್ನುತ್ತದೆ. ರೋಗ ತಡೆಯಲು ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತದ ನೀರು ಬರಿಯ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ಅದರ ಮೇಲೆ ತಾಮ್ರ ಕೂರುತ್ತದೆ. ಆದ್ದರಿಂದ ಹಿಂದಿನ ಸೀಟು ಎತ್ತಿಸಿ, ಮ್ಯಾಟ್ ತೆಗೆಸಿ, ನೆಲದ ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತಿಂದುಹೋದದ್ದು ಮಂದವಾಗಿ ಕೇಳುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಬ್ಯಾಟರಿ ತಟ್ಟೆ, ಸ್ಟೆಪ್ನಿ ಗುಂಡಿ ಇವಿಷ್ಟನ್ನು ಬಿಡಬೇಡಿ. ಜೀಪಾದರೆ ಚಾಸಿಯ ಮೇಲೆ, ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್ ಸುತ್ತ ಹೊಸ ವೆಲ್ಡಿಂಗ್ ಇದೆಯೇ ನೋಡಿ. ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಏನೋ ಮುಚ್ಚಿದ್ದಾರೆಂದೇ ತಿಳಿಯಿರಿ.

ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗೇರು ಪೆಟ್ಟಿಗೆ) ನಟ್ಟು ಬಿಚ್ಚಿಸಿ ಆಯಿಲ್ ನೋಡಿ. ಹಾಲು ಬೆರೆಸಿದಂತಿದ್ದರೆ ಒಳಗೆ ನೀರು ಹೋಗಿದೆ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಮೇಲಿನ ಬ್ರೀದರ್ (ಗಾಳಿ ಆಡುವ ತೂತು) ಅಥವಾ ಹಳೆಯ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಅದೇ ಆಯಿಲಿನಲ್ಲಿ ಒಂದು ವರ್ಷ ಓಡಿದ್ದರೆ ಬೇರಿಂಗ್ ಹೋಗಿರುತ್ತದೆ. ಜಿಪ್ಸಿಯಲ್ಲಿ ಮುಂದಿನ ಚಕ್ರದ ಹಿಂದಿರುವ ದುಂಡನೆ ನಕಲ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು) ಒದ್ದೆಯಾಗಿ ಗ್ರೀಸು ಇಳಿಯುತ್ತಿದ್ದರೆ ಸೀಲ್ ಕೆಲಸ ಬಾಕಿ ಇದೆ.

ಫೋರ್ ವೀಲ್ ಹಾಕಿಸಿ, ಮುಂದಿನ ಹಬ್ ಲಾಕ್ (ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ಕೀಲಿ) ಇದ್ದರೆ ಲಾಕ್ ಮಾಡಿಸಿ, ಮಣ್ಣಿನ ಮೇಲೆ ಓಡಿಸಿ ನೋಡಿ. ಲಿವರ್ ಬಿದ್ದ ಮಾತ್ರಕ್ಕೆ ಮುಂದಿನ ಚಕ್ರ ಎಳೆಯುತ್ತಿದೆ ಎಂದಲ್ಲ.

ನೋಡಲು ಮಳೆಯ ದಿನವೇ ಹೋಗಿ. ಮೇಲ್ಛಾವಣಿ ಸೋರುವುದು, ವೈಪರ್ ಮೋಟರ್ ಸೋಲುವುದು, ಪ್ಲಗ್ಗಿಗೆ ಕರೆಂಟ್ ಹಂಚುವ ಒದ್ದೆ ಡಿಸ್ಟ್ರಿಬ್ಯೂಟರ್‌ನಿಂದ ಎಂಜಿನ್ ಕೆಮ್ಮುವುದು ಬಿಸಿಲಿನಲ್ಲಿ ಕಾಣುವುದಿಲ್ಲ.

ಕೇರಳದ ಗಾಡಿ, ದೆಹಲಿಯ ಗಾಡಿ ಕಡಿಮೆಗೆ ಸಿಗುತ್ತದೆ. ತರಬಹುದೇ?

ತರಬಹುದು, ಬೆಲೆಗೆ ಎರಡು ಲೆಕ್ಕ ಸೇರಿಸಿ. ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು, ಇಲ್ಲಿ ಕರ್ನಾಟಕದ ಆಜೀವ ತೆರಿಗೆ ಕಟ್ಟಿ ಕೊಡಗಿನ ಕೆಎ-12 ನೋಂದಣಿ ಮಾಡಿಸಬೇಕು. ದೆಹಲಿ ಸುತ್ತ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಬಂದ ನಿರ್ಬಂಧದಿಂದ ಅಲ್ಲಿ ಬೆಲೆ ಬಿದ್ದಿದೆ. ಎನ್‌ಒಸಿ ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಕೇರಳದ ಕಡಲತೀರದ ಗಾಡಿಯಲ್ಲಿ ಉಪ್ಪುಗಾಳಿಯ ತುಕ್ಕನ್ನೂ ನೋಡಬೇಕು.

ಜಿಲ್ಲೆಯೊಳಗಿನ ಗಾಡಿಯಾದರೂ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿ, ಹೆಸರು ವರ್ಗಾವಣೆ ಮಾಡಿಸಿಯೇ ಓಡಿಸಿ. ಸಾಲ ಬಾಕಿ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ, ಅದನ್ನು ತೆಗೆಸಲು ನಮೂನೆ 35 ಬೇಕು. "ತೋಟದೊಳಗೆ ಮಾತ್ರ ಓಡಿಸುತ್ತೇನೆ, ಕಾಗದ ಯಾಕೆ" ಎನ್ನುವವರ ಗಾಡಿಯೂ ಡೀಸೆಲ್‌ಗೆ, ಸಂತೆಗೆ ರಸ್ತೆಗೆ ಬಂದೇ ಬರುತ್ತದೆ. ಅಂದು ಅಪಘಾತವಾದರೆ ಪರಿಹಾರದ ಹೊರೆಯೆಲ್ಲ ಮನೆಯ ಮೇಲೆ.

ವರ್ಷದ ಖರ್ಚು ಎಷ್ಟು?

ಓಡಿಸದಿದ್ದರೂ ಬರುವ ಖರ್ಚು ಮೊದಲು. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂ., 1500 ಸಿಸಿವರೆಗೆ 3,416 ರೂ., ಅದಕ್ಕಿಂತ ಮೇಲೆ 7,897 ರೂ., ಜೊತೆಗೆ ಶೇ. 18 ಜಿಎಸ್‌ಟಿ. ಅಂದರೆ 800ಕ್ಕೆ ಸುಮಾರು 2,470, ದೊಡ್ಡ ಡೀಸೆಲ್ ಜೀಪಿಗೆ ಸುಮಾರು 9,320. ಜೀಪು ಅಗ್ಗವೆಂದು ಕೊಳ್ಳುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಮಾಲೀಕ ಚಾಲಕರ ಕಡ್ಡಾಯ ಅಪಘಾತ ವಿಮೆ ಮೊದಲ ಕಾರಿನ ಜೊತೆ ಇದ್ದರೆ ಎರಡನೆಯದಕ್ಕೆ ಮತ್ತೆ ಕಟ್ಟಬೇಕಿಲ್ಲ, ವಿಮೆ ಮಾಡಿಸುವಾಗ ಅದನ್ನು ಬಾಯಿಬಿಟ್ಟು ಹೇಳಿ.

15 ವರ್ಷ ತುಂಬಿದ ಗಾಡಿಗೆ ನಮೂನೆ 25ರಲ್ಲಿ ಅರ್ಜಿ ಹಾಕಿ, ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಿಂದ ಕಾರುಗಳಿಗೆ 600ರಿಂದ 5,000 ರೂ.ಗೆ ಏರಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಏರಿಸಿದರು. ತಡವಾದರೆ ತಿಂಗಳಿಗೆ 500 ರೂ. ದಂಡ. ಇದರ ಮೇಲೆ ಹಸಿರು ತೆರಿಗೆ, ಹೊಗೆ ತಪಾಸಣೆ.

ಆಮೇಲೆ ಬ್ಯಾಟರಿ, ಟೈರು. ಓಡದೆ ನಿಂತರೂ ಇವೆರಡಕ್ಕೆ ವಯಸ್ಸಾಗುತ್ತದೆ. ವರ್ಷದಲ್ಲಿ ನಾಲ್ಕೈದು ದಿನ ಮಾತ್ರ ನಿಮ್ಮ ಕಾರು ಹೊರಬೀಳುವುದಿಲ್ಲ ಎಂದಾದರೆ ಆ ದಿನಗಳಿಗೆ ಪಕ್ಕದ ಮನೆಯವರ ಜೀಪೋ ಬಾಡಿಗೆ ಜೀಪೋ ಕರೆಯುವುದೇ ಅಗ್ಗ.

ಮಳೆ ಹಿಡಿಯುವ ಮೊದಲು ಏನೇನು ಮಾಡಿಸಬೇಕು?

ಮೇ ಮೂರನೇ ವಾರದೊಳಗೆ ಮುಗಿಸಿ. ಆರಿದ್ರಾ ಮಳೆ ಶುರುವಾದ ಮೇಲೆ ಗ್ಯಾರೇಜಿನಲ್ಲಿ ಜಾಗ ಸಿಗುವುದಿಲ್ಲ.

ಬ್ರೇಕು ಮೊದಲು. ನಾಲ್ಕೂ ಚಕ್ರದ ಬ್ರೇಕು ಬಿಚ್ಚಿಸಿ, ಕೆಸರಿನ ಪುಡಿ ತೆಗೆಸಿ, ಲೈನರ್ ನೋಡಿ, ವೀಲ್ ಸಿಲಿಂಡರ್ ಸೋರುತ್ತಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸದಿದ್ದರೆ ಘಾಟಿ ಇಳಿಯುವಾಗ ಬಿಸಿಗೆ ಅದರೊಳಗಿನ ನೀರು ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಇಳಿಯುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್‌ಗೆ ಗ್ರೀಸು ಹಾಕಿಸಿ.

ಟೈರಿನ ಗೀರು 1.6 ಮಿ.ಮೀ.ವರೆಗೆ ಕಾನೂನು ಒಪ್ಪುತ್ತದೆ, ಕೊಡಗಿನ ಮಳೆ ಒಪ್ಪುವುದಿಲ್ಲ. 3 ಮಿ.ಮೀ.ಗಿಂತ ಕಡಿಮೆಯಿದ್ದರೆ ನೀರು ಹೊರಹೋಗದೆ ಟೈರು ನೀರಿನ ಮೇಲೆಯೇ ತೇಲುತ್ತದೆ. ಟೈರಿನ ಬದಿಯ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರದ ತಯಾರಿ. ಆರೇಳು ವರ್ಷ ದಾಟಿದ ಟೈರಿನ ಗೀರು ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿ ಒದ್ದೆ ಡಾಂಬರಿನಲ್ಲಿ ಹಿಡಿಯುವುದಿಲ್ಲ. ಎರಡನೇ ಗಾಡಿಗಳಲ್ಲಿ ಹೆಚ್ಚಿನ ಅಪಾಯ ಇಲ್ಲೇ ಅಡಗಿರುತ್ತದೆ. ಜೀಪಿಗೆ ದೊಡ್ಡ ಉಬ್ಬುಗಳ ಮಡ್ ಟೈರು ಹಾಕಿಸುವ ಆಸೆ ಎಲ್ಲರಿಗೂ ಇದೆ. ಕೆಸರಿನಲ್ಲಿ ಅದು ಚೆನ್ನ, ಒದ್ದೆ ಡಾಂಬರಿನಲ್ಲಿ ರಬ್ಬರ್ ನೆಲಕ್ಕೆ ತಾಗುವುದೇ ಕಡಿಮೆ, ಬ್ರೇಕ್ ದೂರ ಹೆಚ್ಚುತ್ತದೆ. ಅರ್ಧಕ್ಕಿಂತ ಹೆಚ್ಚು ಓಡಾಟ ಡಾಂಬರಿನಲ್ಲಾದರೆ ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರೇ ಸರಿ.

ವೈಪರ್ ಬ್ಲೇಡು ಪ್ರತಿ ಮೇ ತಿಂಗಳಲ್ಲಿ ಹೊಸದು. ಬೇಸಿಗೆಯ ಬಿಸಿಲಿಗೆ ಹಳೆಯದು ಸೆಟೆದಿರುತ್ತದೆ. ಗಾಜಿನ ಕೆಳಗಿನ ಜಾಲರಿ ಬಿಚ್ಚಿ, ಅಲ್ಲಿ ಸಿಲ್ವರ್ ಓಕ್ ಎಲೆ ತುಂಬಿ ನೀರಿನ ತೂತು ಮುಚ್ಚಿದೆಯೇ ನೋಡಿ. ಮುಚ್ಚಿದ್ದರೆ ನೀರು ಕಾಲ ಬಳಿಗೆ ಇಳಿಯುತ್ತದೆ, ಮ್ಯಾಟಿನಡಿ ತಗಡು ಅಲ್ಲಿಂದಲೇ ಕೊಳೆಯುತ್ತದೆ. ಬಾಗಿಲ ಕೆಳಗಿನ ಸಣ್ಣ ತೂತುಗಳನ್ನೂ ಕಡ್ಡಿಯಿಂದ ಬಿಡಿಸಿ.

ಡಿಸ್ಟ್ರಿಬ್ಯೂಟರ್ ಇರುವ ಪೆಟ್ರೋಲ್ ಗಾಡಿಯಲ್ಲಿ ಕ್ಯಾಪ್ ಬಿರುಕು ಬಿಟ್ಟಿದ್ದರೆ, ಪ್ಲಗ್ ವೈರ್ ಹಳತಾಗಿದ್ದರೆ ಬದಲಿಸಿ. ಡೀಸೆಲ್ ಗಾಡಿಯಲ್ಲಿ ಫಿಲ್ಟರ್ ಕೆಳಗಿನ ನೀರು ವಾರಕ್ಕೊಮ್ಮೆ ಬಿಡಿ.

ಅಡಿಗೆ ತುಕ್ಕು ತಡೆಯುವ ಲೇಪನ ಹಾಕಿಸುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ, ತೊಳೆದು ಎರಡು ದಿನ ಬಿಸಿಲಿಗೆ ನಿಲ್ಲಿಸಿದ ಮೇಲೆ. ಒದ್ದೆ ಕೆಸರಿನ ಮೇಲೆ ಬಳಿದ ಲೇಪನ ತುಕ್ಕನ್ನು ಒಳಗೇ ಕೂಡಿಹಾಕಿ ಬೆಳೆಸುತ್ತದೆ.

ಚಕ್ರಕ್ಕೆ ಚೈನು ಕಟ್ಟುವುದು ಒಳ್ಳೆಯದೇ?

ಜೇಡಿಮಣ್ಣಿನ ಏರಿಗೆ ಅದರಷ್ಟು ಕೆಲಸ ಮಾಡುವುದು ಬೇರಿಲ್ಲ. ಓಡುವ ಚಕ್ರಕ್ಕೇ ಕಟ್ಟಬೇಕು: ಜೀಪಿಗೆ ಹಿಂದೆ, ಆಲ್ಟೊಗೆ ಮುಂದೆ. ಆಲ್ಟೊದಲ್ಲಿ ಚೈನು ಬ್ರೇಕ್ ಹೋಸಿಗೆ ತಾಗುತ್ತದೆಯೇ ಎಂದು ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿಯೇ ಹೊರಡಿ. ಹತ್ತು ಮೀಟರ್ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿ ಮಾಡಿ. ಗಂಟೆಗೆ 20 ಕಿ.ಮೀ. ಮೀರಬೇಡಿ, ಡಾಂಬರು ಬಂದ ಕೂಡಲೇ ಬಿಚ್ಚಿ. ಸಡಿಲ ಚೈನು ತುಂಡಾಗಿ ಹಾರಿದರೆ ಮಡ್‌ಗಾರ್ಡ್ ಸೀಳುತ್ತದೆ, ಪಕ್ಕದಲ್ಲಿ ನಿಂತವರ ಕಾಲನ್ನೂ.

ರಸ್ತೆಯಲ್ಲಿ ನೀರು ನಿಂತಿದೆ. ಜೀಪಿದ್ದರೆ ದಾಟಬಹುದೇ?

ನಿಂತ ನೀರು, ತಳ ಗೊತ್ತಿರುವ ಜಾಗವಾದರೆ ಚಕ್ರದ ಅರ್ಧದವರೆಗೆ. ಆಲ್ಟೊಗೆ ಅದು 25 ಸೆಂ.ಮೀ., ಜಿಪ್ಸಿಗೆ 33 ಸೆಂ.ಮೀ. ಮೊದಲ ಗೇರು, ಒಂದೇ ವೇಗ, ನಡುವೆ ಗೇರು ಬದಲಿಸಬೇಡಿ. ದಾಟಿದ ಮೇಲೆ ನೂರು ಮೀಟರ್ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಓಡಿಸಿ, ಡ್ರಮ್ ಒಳಗಿನ ನೀರು ಬಿಸಿಗೆ ಆರಬೇಕು.

ಹರಿಯುವ ನೀರಿಗೆ ಇಳಿಯಲೇಬೇಡಿ. 30 ಸೆಂ.ಮೀ. ಹರಿವು ಸಣ್ಣ ಕಾರನ್ನು ಎತ್ತುತ್ತದೆ, 60 ಸೆಂ.ಮೀ. ಹರಿವು ಜೀಪನ್ನೂ ಒಯ್ಯುತ್ತದೆ. ಭಾಗಮಂಡಲದ ಸಂಗಮದ ಬದಿ, ನಾಪೋಕ್ಲು ಬಳಿಯ ಚೆರಿಯಪರಂಬು, ಸಿದ್ದಾಪುರದ ಕರಡಿಗೋಡು ಇಲ್ಲೆಲ್ಲ ಕಾವೇರಿ ರಸ್ತೆಗೆ ಬಂದಾಗ ಡಾಂಬರು ಎಲ್ಲಿ ಮುಗಿಯಿತು, ಗದ್ದೆ ಎಲ್ಲಿ ಶುರುವಾಯಿತು ಕಾಣುವುದಿಲ್ಲ. ಅಲ್ಲಿ ಬೇಕಾದದ್ದು ದೋಣಿ.

ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಮೇಲೆ ತನ್ನಿ, ಬ್ಯಾಟರಿ ವೈರ್ ಕಳಚಿ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಮೆಕ್ಯಾನಿಕ್ ಬಂದು ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಎಂಜಿನ್ ತಿರುಗಿಸಿ ನೀರು ಹೊರಹಾಕಬೇಕು. ಆಯಿಲ್ ಬಿಳುಪಾಗಿದ್ದರೆ ಅದನ್ನೂ ಬದಲಿಸಬೇಕು. ಥರ್ಡ್ ಪಾರ್ಟಿ ವಿಮೆಯಲ್ಲಿ ಇದಕ್ಕೆ ಏನೂ ಸಿಗುವುದಿಲ್ಲ. ಪೂರ್ಣ ವಿಮೆಯಲ್ಲೂ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗ ಇಲ್ಲದಿದ್ದರೆ ಸಾಮಾನ್ಯವಾಗಿ ತಿರಸ್ಕರಿಸುತ್ತಾರೆ.

ಮಣ್ಣು ಕುಸಿಯುವ ದಾರಿಗೆ ಯಾವ ಗಾಡಿ ಸೂಕ್ತ?

ಯಾವುದೂ ಅಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಬದಿ ಕುಸಿದಾಗ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಕುಸಿದಾಗ ಬಂದದ್ದು ಇಡೀ ಗುಡ್ಡ. ಸಂಪಾಜೆ, ಮಾಕುಟ್ಟ ದಾರಿ ಮುಚ್ಚಿದ್ದಾರೆಂದು ಜಿಲ್ಲಾಡಳಿತ ಹೇಳಿದರೆ ಜೀಪಿನ ಧೈರ್ಯದಲ್ಲಿ ಹೊರಡಬೇಡಿ. ಬದಿಯಿಂದ ಕೆಂಪು ನೀರು ಹೊಸದಾಗಿ ಚಿಮ್ಮುತ್ತಿದ್ದರೆ, ಮರಗಳು ವಾಲಿದ್ದರೆ, ರಸ್ತೆಗೆ ಉದ್ದುದ್ದ ಬಿರುಕು ಬಿದ್ದಿದ್ದರೆ ಹಿಂದಕ್ಕೆ ತಿರುಗಿಸಿ.

ಗಾಡಿಯಲ್ಲಿ ಏನಿಟ್ಟುಕೊಂಡಿರಬೇಕು?

ಕತ್ತಿ, ಗುದ್ದಲಿ, ಗಟ್ಟಿ ಎಳೆಯುವ ಹಗ್ಗ, ಎರಡು ಗೋಣಿಚೀಲ, ತಲೆಗೆ ಕಟ್ಟುವ ಟಾರ್ಚು. ಜಾಕಿನ ಅಡಿಗೆ ಒಂದಡಿ ಚೌಕದ ಎರಡಿಂಚು ದಪ್ಪದ ಹಲಗೆ ಮರೆಯಬೇಡಿ, ಅದಿಲ್ಲದೆ ಜಾಕ್ ಕೆಸರಿಗೆ ಇಳಿಯುತ್ತದೆಯೇ ಹೊರತು ಗಾಡಿ ಮೇಲೇಳುವುದಿಲ್ಲ. ಮರ ಬಿದ್ದಿದ್ದರೆ ಕತ್ತಿ ಎತ್ತುವ ಮೊದಲು ಕರೆಂಟ್ ತಂತಿ ಸಿಕ್ಕಿದೆಯೇ ನೋಡಿ. ತಂತಿ ಕಂಡರೆ ದೂರ ನಿಂತು 1912ಕ್ಕೆ ಕರೆ ಮಾಡಿ. ಒದ್ದೆ ಮರ, ಒದ್ದೆ ನೆಲ ಎರಡರಲ್ಲೂ ವಿದ್ಯುತ್ ಹರಿಯುತ್ತದೆ.

ಎಸಿ ಇಲ್ಲದ ಜೀಪಿನಲ್ಲಿ ಗಾಜು ಮಸುಕಾಗುತ್ತದೆ. ಏನು ಮಾಡುವುದು?

ಒದ್ದೆ ಕೊಡೆ, ಒದ್ದೆ ಕೋಟು ಹಿಂದಕ್ಕೆ ಹಾಕಿ, ಎರಡೂ ಬದಿಯ ಕಿಟಕಿ ಎರಡು ಬೆರಳಷ್ಟು ತೆರೆಯಿರಿ. ಗಾಜಿನ ಒಳಬದಿಗೆ ಸ್ವಲ್ಪ ಶಾಂಪೂ ಹಚ್ಚಿ ಒಣಬಟ್ಟೆಯಲ್ಲಿ ಉಜ್ಜಿದರೆ ಒಂದೆರಡು ದಿನ ತಡೆಯುತ್ತದೆ. ಮಂಜಿನಲ್ಲಿ ಲೋ ಬೀಮ್ ಮಾತ್ರ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಹಿಂದಿರುಗುತ್ತದೆ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ, ನೀವು ತಿರುಗುವುದು ಹಿಂದಿನವರಿಗೆ ತಿಳಿಯುವುದಿಲ್ಲ.

ಚಳಿಗಾಲಕ್ಕೂ ಬೇರೆ ಗಾಡಿ ಬೇಕೇ?

ಬೇಡ. ಇಲ್ಲಿನ ಚಳಿಗೆ ರಸ್ತೆ ಹೆಪ್ಪುಗಟ್ಟುವುದಿಲ್ಲ. ಬೆಳಗಿನ ಮಂಜಿಗೆ ಒಳ್ಳೆಯ ದೀಪ, ಸರಿಯಾದ ಬ್ಯಾಟರಿ ಇದ್ದರಾಯಿತು.

ಜೀಪು ಓಡುವಾಗ ಒಳ್ಳೆಯ ಕಾರು ಮೂರು ತಿಂಗಳು ನಿಲ್ಲುತ್ತದೆ. ಅದಕ್ಕೇನೂ ಆಗುವುದಿಲ್ಲವೇ?

ಆಗುತ್ತದೆ. ಎರಡು ಗಾಡಿ ಇಟ್ಟವರಿಗೆ ಒಂದು ಯಾವಾಗಲೂ ನಿಂತೇ ಇರುತ್ತದೆ, ಕೊಡಗಿನ ತೇವದಲ್ಲಿ ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆ.

ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡಿ, ಲೈನರ್ ಡ್ರಮ್‌ಗೆ ಅಂಟುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ರಸ್ತೆಯಲ್ಲೇ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಬ್ಯಾಟರಿ ತುಂಬುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಮಾತ್ರ ಉಳಿಯುತ್ತದೆ. ಓಡಿಸಲು ಆಗದಿದ್ದರೆ ಬ್ಯಾಟರಿ ನೆಗೆಟಿವ್ ವೈರ್ ಕಳಚಿಡಿ. ಮೀಟರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.4ಕ್ಕೆ ಇಳಿದರೆ ಚಾರ್ಜ್ ಮಾಡಿ, 12.0ರಲ್ಲಿ ಬಿಟ್ಟರೆ ಬ್ಯಾಟರಿ ಸಾಯುತ್ತದೆ.

ಪೆಟ್ರೋಲ್ ಟ್ಯಾಂಕ್ ತುಂಬಿಸಿಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ, ಅದು ತೇವ ಹೀರುತ್ತದೆ. ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವವೇ ಅದಕ್ಕೆ ಸಾಕು. ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳಲ್ಲಿ ಇದೇ ಎಥನಾಲ್ ರಬ್ಬರ್ ಪೈಪನ್ನು ಮೆದು ಮಾಡಿ ಸೋರಿಸುತ್ತದೆ, ವರ್ಷಕ್ಕೊಮ್ಮೆ ಪೈಪುಗಳನ್ನು ಒತ್ತಿ ನೋಡಿ.

ಇಲಿ ಇನ್ನೊಂದು. ಬೆಚ್ಚಗಿನ ಎಂಜಿನ್ ಮೇಲೆ ಗೂಡು ಕಟ್ಟಿ ವೈರ್ ಕಡಿಯುತ್ತದೆ. ಶೆಡ್ಡಿನಲ್ಲಿ ಭತ್ತ, ಕೋಳಿ ಆಹಾರ ಇಡಬೇಡಿ. ಬಾನೆಟ್ ತೆರೆದು ಬಲ್ಬು ಉರಿಸಿಟ್ಟರೆ ಕಡಿಮೆಯಾಗುತ್ತದೆ. ಒಳಗೆ ಬೂಸು ಹಿಡಿಯದಂತೆ ಬಿಸಿಲು ಬಿದ್ದ ದಿನ ನಾಲ್ಕೂ ಬಾಗಿಲು ತೆರೆದಿಡಿ. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ತೇವ ಒಳಗೇ ನಿಲ್ಲುತ್ತದೆ.

ಗೊಬ್ಬರ, ಮೈಲುತುತ್ತ ಅದೇ ಜೀಪಿನಲ್ಲಿ ತರಬೇಕು. ತುಕ್ಕು ತಡೆಯುವುದು ಹೇಗೆ?

ಚೀಲದ ಅಡಿಗೆ ದಪ್ಪ ಟಾರ್ಪಾಲು, ಅಂಚು ಮೇಲಕ್ಕೆ ಮಡಚಿ. ಇಳಿಸಿದ ದಿನವೇ ಗುಡಿಸಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ. ಗುಡಿಸದೆ ನೀರು ಹಾಕಿದರೆ ಪುಡಿ ಕರಗಿ ಸಂದಿಗೆ ಇಳಿಯುತ್ತದೆ. ಮ್ಯಾಟು ಹಾಕಿ ಮುಚ್ಚಬೇಡಿ, ಬರಿಯ ತಗಡು ಬೇಗ ಒಣಗುತ್ತದೆ.

ಮಳೆ ಮುಗಿದ ಮೇಲೆ ಜೀಪಿಗೆ ಏನು?

ಸೆಪ್ಟೆಂಬರ್ ಮೊದಲಿನ ಕೈಲ್ ಮುಹೂರ್ತ ಹಬ್ಬ ಕಳೆದು ಬಿಸಿಲು ಹಿಡಿದಾಗ ಅಡಿಭಾಗ ಪೂರ್ತಿ ತೊಳೆಸಿ. ಡಿಫರೆನ್ಷಿಯಲ್, ಗೇರ್‌ಬಾಕ್ಸ್ ಆಯಿಲ್ ನೋಡಿ, ಬಿಳುಪಾಗಿದ್ದರೆ ಬದಲಿಸಿ. ಒಂದು ಡಿಫರೆನ್ಷಿಯಲ್‌ಗೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ಹಿಡಿಯುತ್ತದೆ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯದು. ಗೇರ್‌ಬಾಕ್ಸಿಗೆ ಕಂಪನಿ ಹೇಳಿದ್ದೇ, ಹಳೆಯವಕ್ಕೆ ಹೆಚ್ಚಾಗಿ ಜಿಎಲ್-4. ಮುಂದಿನ ಹಬ್ ಬೇರಿಂಗ್ ಬಿಚ್ಚಿ ಹಳೇ ಗ್ರೀಸು ತೆಗೆದು ಹೊಸದು ತುಂಬಿಸಿ. ಬ್ರೀದರ್ ಪೈಪನ್ನು ರಬ್ಬರ್ ಟ್ಯೂಬ್ ಜೋಡಿಸಿ ಬಾನೆಟ್ ಎತ್ತರಕ್ಕೆ ಏರಿಸಿದರೆ ಮುಂದಿನ ವರ್ಷ ನೀರು ಎಳೆಯುವುದಿಲ್ಲ, ಕೆಲವು ನೂರು ರೂಪಾಯಿಯ ಕೆಲಸ.

ಬೇಡವಾದಾಗ ಯಾವಾಗ ಮಾರಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ಜೀಪಿಗೆ ಕೇಳುವವರು ಹೆಚ್ಚು. ಕೊಳ್ಳುವವರಾದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಮಾರಿದ ದಿನ ಕೊಂಡವರ ಆಧಾರ್ ಪ್ರತಿ, ದಿನ ಮತ್ತು ಗಂಟೆ ಬರೆದ ರಸೀದಿ ಇಟ್ಟುಕೊಂಡು, ನಮೂನೆ 29ನ್ನು ನೀವೇ ಆರ್‌ಟಿಒಗೆ ಸಲ್ಲಿಸಿ. ಆರ್‌ಸಿಯಲ್ಲಿ ನಿಮ್ಮ ಹೆಸರಿರುವವರೆಗೆ ದಂಡವೂ ಮೊಕದ್ದಮೆಯೂ ನಿಮ್ಮ ಬಾಗಿಲಿಗೇ ಬರುತ್ತದೆ.